ಸಾವಿರ ರೂಪಾಯಿ ಒಳಗೆ ಅಂಗಳದ ದೀಪಾವಳಿ ಶೋ: ಸದ್ದಿಲ್ಲದ ಪಟಾಕಿ, ಬಾಳೆದಿಂಡು, ಮತ್ತೆ ಒಂದಿಷ್ಟು ಕತ್ತಲೆ

ಪಟಾಕಿ ಅಂಗಡಿಗೆ ಹೋದ್ರೆ ಮೊದಲು ಕಣ್ಣಿಗೆ ಬೀಳೋದೇ ಆ ಗಿಫ್ಟ್ ಬಾಕ್ಸು. ದೊಡ್ಡ ಡಬ್ಬ, ಮೇಲೆ ಬಣ್ಣಬಣ್ಣದ ಚಿತ್ರ, ಒಳಗೆ ನಲವತ್ತು ಐವತ್ತು ಐಟಂ ಅಂತ ಬರೆದಿರ್ತಾರೆ, ಬಿಚ್ಚಿ ನೋಡಿದ್ರೆ ಅರ್ಧಕ್ಕರ್ಧ ರಟ್ಟು, ಉಳಿದಿದ್ರಲ್ಲಿ ನಮಗೆ ಬೇಕಾದ್ದು ನಾಲ್ಕು, ಬೇಡದ್ದು ಇಪ್ಪತ್ತು. ಅದನ್ನ ಮುಟ್ಟಲೇ ಬೇಡಿ. ಬಿಡಿಯಾಗಿ ತಗೊಳ್ಳಿ. ನಾನು ತಗೊಳ್ಳೋದು ಇಷ್ಟೇ: ಸುರುಸುರು ಬತ್ತಿ (ಸಣ್ಣದು ಜಾಸ್ತಿ, 30 ಸೆಂಟಿಮೀಟರಿನ ಉದ್ದದ್ದು ಒಂದೆರಡು ಪ್ಯಾಕೆಟ್), ಸಣ್ಣ ಸೈಜಿನ ಫ್ಲವರ್ ಪಾಟ್ ಒಂದು ಬಾಕ್ಸ್, ನೆಲಚಕ್ರ ಒಂದು ಬಾಕ್ಸ್, ಪೆನ್ಸಿಲ್ ಒಂದು ಪ್ಯಾಕೆಟ್. ರಾಕೆಟ್ ಇಲ್ಲ, ಮಾಲೆ ಪಟಾಕಿ ಇಲ್ಲ, ಬಾಂಬ್ ಇಲ್ಲ. ಸಾವಿರದೊಳಗೆ ಆಗ್ತದೆ, ಚೌಕಾಸಿ ಮಾಡೋರಾದ್ರೆ ಇನ್ನೂ ಉಳೀತದೆ.

"ಗರ್ನಾಲು ಇಲ್ಯನಾ ಈ ಸಲ?" ಅಂತ ಮಾವ ಪ್ರತಿ ವರ್ಷ ಕೇಳ್ತಾರೆ (ಗರ್ನಾಲು ಅಂದ್ರೆ ಢಂ ಅನ್ನೋ ಸದ್ದಿನ ಪಟಾಕಿ). ಇಲ್ಲ ಮಾವ. ನಮ್ಮ ಕುಮಟಾ ಕಡೆ ಮನೆಗಳಲ್ಲಿ ಅಂಗಳ ದಾಟಿದ್ರೆ ಕೊಟ್ಟಿಗೆ, ಪಾಡ್ಯದ ದಿನ ಬೆಳಿಗ್ಗೆ ಅದೇ ದನಗಳಿಗೆ ಮೈ ತೊಳೆದು ಕೆಮ್ಮಣ್ಣು ಹಚ್ಚಿ ಹಾರ ಹಾಕಿ ಗೋಪೂಜೆ ಮಾಡ್ಬೇಕು, ಹಿಂದಿನ ರಾತ್ರಿ ಅವುಗಳ ಕಿವಿ ಹತ್ರ ಢಂ ಅನ್ಸಿ ಹಗ್ಗ ಕಿತ್ಕೊಂಡು ಓಡೋ ಹಾಗೆ ಮಾಡಿ ಬೆಳಿಗ್ಗೆ ಕಾಲಿಗೆ ಬೀಳೋದು ಯಾವ ಲೆಕ್ಕ ಅಂತ ನನಗೆ ಅರ್ಥ ಆಗೋದಿಲ್ಲ. ರಾಕೆಟ್ ಅಂತೂ ಇಲ್ಲಿ ಬೇಡವೇ ಬೇಡ, ಒಂದು ಕಡೆ ಹುಲ್ಲಿನ ಬಣವೆ, ಇನ್ನೊಂದು ಕಡೆ ಒಣಗಿದ ತೆಂಗಿನ ಮಡ್ಲು, ಎಲ್ಲಿ ಹೋಗಿ ಬೀಳ್ತದೆ ಅಂತ ಬಿಟ್ಟವನಿಗೂ ಗೊತ್ತಿಲ್ಲ.

ಕಾನೂನು ವಿಷಯ ಬೇಗ ಮುಗಿಸ್ತೇನೆ. ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪಿನ ಪ್ರಕಾರ ದೀಪಾವಳಿಗೆ ಪಟಾಕಿ ಹೊಡೆಯೋಕೆ ರಾತ್ರಿ 8ರಿಂದ 10ರ ತನಕ ಮಾತ್ರ ಟೈಮು, ಮಾಲೆ ಪಟಾಕಿ ಬಂದ್, ಹಸಿರು ಬಣ್ಣಕ್ಕೆ ಹಾಕೋ ಬೇರಿಯಂ ಇದ್ದದ್ದೂ ಬಂದ್. ಸಿಎಸ್‌ಐಆರ್-ನೀರಿ (ಕೇಂದ್ರ ಸರ್ಕಾರದ ಪರಿಸರ ಸಂಶೋಧನಾ ಸಂಸ್ಥೆ) ಅವರ ಲೋಗೋ, ಕ್ಯೂಆರ್ ಕೋಡ್ ಇರೋ ಹಸಿರು ಪಟಾಕಿ (ಬಣ್ಣ ಹಸಿರು ಅಂತಲ್ಲ, ಹೊಗೆ ಕಮ್ಮಿ ಬರೋ ಥರದ್ದು) ನೋಡಿ ತಗೊಳ್ಳಿ, ಅಂಗಡಿಯವನಿಗೆ ಲೈಸೆನ್ಸ್ ಇದ್ಯಾ ಅಂತಲೂ ನೋಡಿ. 2023ರ ಅಕ್ಟೋಬರಿನಲ್ಲಿ ಬೆಂಗಳೂರು ಹತ್ರದ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಎಷ್ಟೊಂದು ಹುಡುಗ್ರು ಸತ್ತಿದ್ದು ಮರೆಯೋ ವಿಷಯ ಅಲ್ಲ. ಇನ್ನೊಂದು, ಪಟಾಕಿ ಒಡೆದು ಮದ್ದು ಹೊರಗೆ ತೆಗೆದು ತಾವೇ ಏನೋ ಮಾಡೋ ಬುದ್ಧಿವಂತರು ಪ್ರತಿ ಊರಲ್ಲಿ ಒಬ್ರು ಇರ್ತಾರೆ, ಅವ್ರನ್ನ ಅಂಗಳಕ್ಕೇ ಸೇರಿಸ್ಬೇಡಿ. ನಾನು ಕೆಳಗೆ ಹೇಳೋದ್ರಲ್ಲಿ ಯಾವ್ದನ್ನೂ ಬಿಚ್ಚೋದಿಲ್ಲ, ಕಟ್ಟೋದಿಲ್ಲ, ಜೋಡಿಸೋದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಶೋ ಚೆನ್ನಾಗಿ ಬರೋದು ಬಿಡೋದು ಪಟಾಕಿಯ ರೇಟಿನ ಮೇಲೆ ಇಲ್ಲ, ಕತ್ತಲೆ ಮೇಲೆ ಇದೆ. ದೀಪಾವಳಿ ಬರೋದೇ ಅಮಾವಾಸ್ಯೆಗೆ, ದೇವ್ರು ಪುಕ್ಕಟೆ ಕೊಟ್ಟ ಕಪ್ಪು ಪರದೆ ಅದು, ನಾವು ಅಂಗಳದಲ್ಲಿ ಎಲ್ಇಡಿ ಫ್ಲಡ್‌ಲೈಟು, ಜಗಲಿಗೆ ಸೀರಿಯಲ್ ಸೆಟ್ಟು, ತುಳಸಿಕಟ್ಟೆಗೊಂದು ಬಲ್ಬು ಎಲ್ಲ ಹಾಕಿಟ್ಟು ಅದರ ಮುಂದೆ ಫ್ಲವರ್ ಪಾಟ್ ಹಚ್ಚಿ "ಈ ಸಲದ ಮಾಲು ಚೆನ್ನಾಗಿಲ್ಲ" ಅಂತೇವೆ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿ ಹೊಂದ್ಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಮಕ್ಕಳು ಕೂರೋದಿಲ್ಲ ಬಿಡಿ, ಹತ್ತು ನಿಮಿಷ ಆದ್ರೂ ಎಲ್ಲ ದೀಪ ತೆಗೆದು, ಮೊಬೈಲ್ ಕಿಸೆಗೆ ಹಾಕ್ಸಿ, ಜಗಲಿ ಮೇಲೆ ಕೂರ್ಸಿ. ಹಣತೆ ಇರ್ಲಿ, ಅದರಿಂದ ತೊಂದ್ರೆ ಇಲ್ಲ. ಆಮೇಲೆ ಒಂದೇ ಒಂದು ಸಣ್ಣ ಸುರುಸುರು ಬತ್ತಿ ಹಚ್ಚಿ ನೋಡಿ, ತೆಂಗಿನ ಮರದ ಬುಡದ ಗೆರೆ ಗೆರೆ ಎಲ್ಲ ಕಾಣ್ತದೆ.

ಯಕ್ಷಗಾನ ನೋಡಿದವರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ. ಬಣ್ಣದ ವೇಷ, ಅಂದ್ರೆ ರಾಕ್ಷಸ ಪಾತ್ರ, ಸೀದಾ ಬಂದು ರಂಗಸ್ಥಳದಲ್ಲಿ ನಿಲ್ತದಾ? ಮೊದಲು ತೆರೆ, ತೆರೆ ಹಿಂದೆ ಕುಣಿತ, ಕಿರೀಟದ ತುದಿ ಮಾತ್ರ ಕಾಣ್ತದೆ, ಚಂಡೆ ಏರ್ತಾ ಹೋಗ್ತದೆ, ಆಮೇಲೆ ವೇಷ. (ದೊಂದಿಗೆ ರಾಳದ ಪುಡಿ ಎಸೆದು ಭಗ್ ಅನ್ಸೋದನ್ನ ಮನೇಲಿ ಮಾಡೋಕೆ ಹೋಗ್ಬೇಡಿ, ಅದು ಕೈ ಪಳಗಿದ ಮೇಳದವರ ಕೆಲಸ.) ಕಾಯ್ಸೋದು ಮಾತ್ರ ಅವರಿಂದ ಕಲೀಬಹುದು, ಅದಕ್ಕೆ ದುಡ್ಡಿಲ್ಲ.

ನಮ್ಮ ಮನೆಯ ಸ್ಪೆಷಲ್ ಐಟಂ ಬಾಳೆದಿಂಡು. ಗೊನೆ ಕಡಿದ ಬಾಳೆ ಹಿತ್ತಲಲ್ಲಿ ಹೇಗೂ ಬಿದ್ದಿರ್ತದೆ, ಅದರಲ್ಲಿ ಎರಡು ಮೊಳದ ತುಂಡು ಕಡ್ಕೊಂಡು ಅಂಗಳದಲ್ಲಿ ಅಡ್ಡ ಮಲಗ್ಸಿ, ಉರುಳದ ಹಾಗೆ ಎರಡೂ ಬದಿ ಚಿರೇಕಲ್ಲು ಒತ್ತಿಡಿ. ಸುರುಸುರು ಬತ್ತಿಯ ತಂತಿ ಬದಿಯನ್ನ ಅದಕ್ಕೆ ಚುಚ್ಚಿದ್ರೆ ಕಚಕ್ ಅಂತ ಒಳಗೆ ಹೋಗ್ತದೆ, ನೀರು ಜಿನುಗ್ತದೆ, ಬಿಗಿಯಾಗಿ ನಿಲ್ತದೆ. ದಿಂಡಿನ ತುಂಬ ನೀರೇ ಇರೋದ್ರಿಂದ ಬೆಂಕಿ ಹತ್ತೋ ಮಾತಿಲ್ಲ, ಕಿಡಿ ಬಿದ್ದಲ್ಲಿ ಚುರ್ ಅಂದು ಕಪ್ಪು ಚುಕ್ಕೆ ಬೀಳ್ತದೆ ಅಷ್ಟೆ. ಒಂದೊಂದು ಗೇಣು ಬಿಟ್ಟು, ನಡುವಿನದ್ದು ನೆಟ್ಟಗೆ, ಬದಿಯವು ಸ್ವಲ್ಪ ಸ್ವಲ್ಪ ಹೊರಗೆ ವಾಲಿಸಿ ಬೀಸಣಿಗೆ ಹಾಗೆ ಚುಚ್ಚಿ. ದೊಡ್ಡವರೊಬ್ರು 30 ಸೆಂಟಿಮೀಟರಿನ ಉದ್ದದ ಬತ್ತಿ ಹಿಡ್ಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹಚ್ಚುತ್ತಾ ಹೋಗ್ಬೇಕು, ಕೊನೆಯದು ಹತ್ತೋ ಹೊತ್ತಿಗೆ ಮೊದಲಿನದು ಅರ್ಧ ಆಗಿರ್ತದೆ, ಹಾಗಾಗಿ ಬೆಳಕು ಅಲೆ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆ ಸರೀತದೆ. ನೋಡೋರಿಗೆ ಇದೇನೋ ಸಾವಿರಾರು ರೂಪಾಯಿಯ ಐಟಂ ಅನ್ಸ್ತದೆ, ಖರ್ಚು ಒಂದು ಪ್ಯಾಕೆಟ್ ಸುರುಸುರು ಬತ್ತಿ.

ಒಂದು ಮಾತು, ಗೇಣು ಬಿಡಿ ಅಂದಿದ್ದು ಚಂದಕ್ಕೆ ಮಾತ್ರ ಅಲ್ಲ. ಸುರುಸುರು ಬತ್ತಿ ಉರಿಯೋದು ಸಾವಿರ ಡಿಗ್ರಿ ಸೆಲ್ಸಿಯಸ್ ಮೇಲೆ. ಹತ್ತಾರು ಬತ್ತಿಯನ್ನ ಕಟ್ಟು ಕಟ್ಟಿ ಒಟ್ಟಿಗೆ ಹಚ್ಚಿದ್ರೆ ಅದು ಬತ್ತಿ ಅಲ್ಲ, ಬಾಂಬೇ. ಯೂಟ್ಯೂಬಲ್ಲಿ ತೋರಿಸ್ತಾರೆ, ಮಕ್ಕಳು ನೋಡಿರ್ತಾರೆ, ಅವ್ರ ಕೈಗೆ ಒಂದು ಸಲಕ್ಕೆ ಒಂದೇ ಕೊಡಿ. ಪೆನ್ಸಿಲನ್ನೂ ಕೈಯಲ್ಲಿ ಹಿಡೀಬೇಡಿ, ಅದೇ ದಿಂಡಿಗೆ ಚುಚ್ಚಿ ದೂರ ನಿಂತ್ಕೊಳ್ಳಿ.

ಎರಡನೇದು ನೀರು. ನಮ್ಮ ಕರಾವಳಿಯಲ್ಲಿ ಚಿತ್ತಾ ಮಳೆಯೋ ಸ್ವಾತಿ ಮಳೆಯೋ ಹಬ್ಬದ ಸಂಜೆ ಗುಡುಗ್ತಾ ಬಂದು ಅಂಗಳ ಒದ್ದೆ ಮಾಡಿ ಹೋಗೋದು ಮಾಮೂಲು, ಎಲ್ರೂ ಬಯ್ಕೋತಾರೆ, ಆದ್ರೆ ಸಿಮೆಂಟ್ ಅಂಗಳ ಇದ್ದವರಿಗೆ ಅದು ಲಾಭ. ಮಳೆ ಬರದಿದ್ರೆ ನೀವೇ ಪೈಪ್ ಹಿಡಿದು ಜಗಲಿ ಮತ್ತೆ ಪಟಾಕಿ ಜಾಗದ ನಡುವೆ ತೆಳ್ಳಗೆ ನೀರು ನಿಲ್ಸಿ. ಫ್ಲವರ್ ಪಾಟ್‌ಗಳನ್ನ ಆಚೆ ಬದಿ ಒಣ ಇಟ್ಟಿಗೆ ಮೇಲೆ ಇಡಿ, ಹಚ್ಚಿದಾಗ ಮೇಲೊಂದು ಕೆಳಗೊಂದು ಕಾಣ್ತದೆ. ಮೂರು ಹಚ್ಚಿದ್ರೆ ಆರು. ಕಿಡಿ ಬಿದ್ದು ಏನಾದ್ರೂ ಹತ್ತೋ ಭಯವೂ ಕಮ್ಮಿ. ಮಣ್ಣಿನಂಗಳ, ಸಗಣಿ ಸಾರಿಸಿದ್ದು ಅಂತಾದ್ರೆ ಈ ಆಟ ಬೇಡ, ಬೆಳಿಗ್ಗೆ ಆಯಿ ಕೈಲಿ ಬೈಸ್ಕೊಳ್ತೀರಿ.

ನೆಲಚಕ್ರಕ್ಕೆ ಮಾತ್ರ ಒಣ, ನುಣುಪು ಜಾಗ ಬೇಕು, ಹಳೆ ಕಡಪಾ ಕಲ್ಲಿನ ತುಂಡೊಂದು ಇದ್ರೆ ಅದಕ್ಕಿಂತ ಒಳ್ಳೇದಿಲ್ಲ. ಮತ್ತೆ ಚಕ್ರವನ್ನ ನೆಲದಲ್ಲಿ ನಿಂತು ನೋಡಿದ್ರೆ ಬರೀ ಕಿಡಿ ಕಾಣ್ತದೆ, ಮಾಳಿಗೆ ಮೇಲಿಂದ ನೋಡಿದ್ರೆ ಪೂರ್ತಿ ಸುರುಳಿ ಕಾಣ್ತದೆ. ಮಕ್ಕಳನ್ನ ಮೇಲೆ ಕಳ್ಸಿ. ಕಾಲ ಬುಡಕ್ಕೆ ಚಕ್ರ ಉರುಳ್ಕೊಂಡು ಬರೋ ರಗಳೆಯೂ ತಪ್ಪಿತು.

ಬಣ್ಣದ ವಿಷಯ. ಕೆಂಪು ಸ್ಟ್ರಾಂಷಿಯಂನಿಂದ, ಹಳದಿ ಸೋಡಿಯಂನಿಂದ, ನೀಲಿ ತಾಮ್ರದಿಂದ ಬರ್ತದೆ, ಒಳ್ಳೆ ದಟ್ಟ ಹಸಿರು ಕೊಡ್ತಿದ್ದಿದ್ದು ಬೇರಿಯಂ, ಅದೇ ಬಂದ್ ಆಗಿದೆ. ಹಸಿರು ಬೇಕೇ ಬೇಕು ಅಂದ್ರೆ ಪುಸ್ತಕದಂಗಡಿಯಲ್ಲಿ ಸಿಗೋ ಬಣ್ಣದ ಜಿಲೆಟಿನ್ ಪೇಪರು ತನ್ನಿ, ಗೂಡುದೀಪ ಮಾಡೋಕೆ ಹಾಕ್ತೇವಲ್ಲ ಅದೇ. ಟಾರ್ಚಿನ ಬಾಯಿಗೆ ಎರಡು ಪದರ ಸುತ್ತಿ ರಬ್ಬರ್ ಹಾಕಿ. ಫ್ಲವರ್ ಪಾಟ್ ಮುಗಿದ ಕೂಡ್ಲೆ ಹೊಗೆ ಇರ್ತದಲ್ಲ, ಎಂಟು ಗಂಟೆ ಹೊತ್ತಿಗೆ ನಮ್ಮಲ್ಲಿ ಕಡಲ ಗಾಳಿ ಬಿದ್ದು ಹೋಗಿರ್ತದೆ, ಗುಡ್ಡದ ಕಡೆ ಗಾಳಿ ಇನ್ನೂ ಎದ್ದಿರೋದಿಲ್ಲ, ಆ ನಡುವೆ ಹೊಗೆ ಅಂಗಳದಲ್ಲೇ ತೂಗಾಡ್ತಾ ನಿಲ್ತದೆ. ಆಗ ಹಿಂದಿನಿಂದ, ಕೆಳಗಿನಿಂದ ಟಾರ್ಚ್ ಹಾಕಿ. ಹಸಿರು ಮೋಡ. ಇನ್ನೊಂದು ಬದಿಯಿಂದ ಕೆಂಪು ಹಾಕಿದ್ರೆ ನಡುವಲ್ಲಿ ಹಳದಿ ಆಗ್ತದೆ. ಅಕ್ಕನ ಮಗ, ಏಳನೇ ಕ್ಲಾಸ್, ಇಡೀ ಶೋದಲ್ಲಿ ಅವನಿಗೆ ಇದೇ ಇಷ್ಟ, ಟಾರ್ಚ್ ಬೇರೆಯವರ ಕೈಗೆ ಕೊಡೋದೇ ಇಲ್ಲ.

ಹೊಗೆ ಅಂದ ಕೂಡ್ಲೆ ನೆನಪಾಯ್ತು, ಹಾವಿನ ಮಾತ್ರೆ. ಸದ್ದಿಲ್ಲ, ಕಿಡಿ ಇಲ್ಲ, ಪುಟ್ಟ ಮಕ್ಕಳಿಗೆ ಸೇಫು ಅಂತ ಎಲ್ರೂ ಅದನ್ನೇ ಕೊಡ್ತಾರೆ. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ ಮತ್ತೆ ಪುಣೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸೇರಿ 2016ರಲ್ಲಿ ಆರು ಥರದ ಪಟಾಕಿ ಹಚ್ಚಿ ಹೊಗೆಯ ಸಣ್ಣ ಕಣ, ಪಿಎಂ 2.5 ಅಳೆದಿದ್ರು. ಎಲ್ಲಕ್ಕಿಂತ ಮೇಲೆ ಬಂದಿದ್ದು ಹಾವಿನ ಮಾತ್ರೆ, ಘನ ಮೀಟರಿಗೆ 64,500 ಮೈಕ್ರೋಗ್ರಾಂ. ಮಾಲೆ ಪಟಾಕಿ ಅದಕ್ಕಿಂತ ಕೆಳಗೆ. ಸುರುಸುರು ಬತ್ತಿ 10,390, ಎಲ್ಲಕ್ಕಿಂತ ಕಮ್ಮಿ ಫ್ಲವರ್ ಪಾಟ್, 4,860. ಕಮ್ಮಿ ಅಂದ್ರೂ ಅದೇನು ಉಸಿರಾಡೋ ಗಾಳಿ ಅಲ್ಲ, ಅದಕ್ಕೇ ಜಗಲಿಯಿಂದ ಹತ್ತಿಪ್ಪತ್ತು ಹೆಜ್ಜೆ ಆಚೆ ಇಡೋದು, ಅಸ್ತಮಾ ಇರೋ ಅಮ್ಮಮ್ಮನನ್ನ ಕಿಟಕಿ ಒಳಗೆ ಕೂರ್ಸೋದು. ಆದ್ರೆ ಹಾವಿನ ಮಾತ್ರೆಯನ್ನ ಮಕ್ಕಳು ನೋಡೋದು ಹೇಗೆ? ಕುಕ್ಕರಗಾಲಲ್ಲಿ ಕೂತು ಮುಖ ಬಗ್ಗಿಸಿ! ನಮ್ಮನೆಗೆ ಅದು ಬರೋದಿಲ್ಲ.

ಮಕ್ಕಳಿಗೆ ಕೊಡೋದಾದ್ರೆ ಬೆಳಕಲ್ಲಿ ಹೆಸರು ಬರೆಯೋದು ಕಲ್ಸಿ. ಮೊಬೈಲಿನ ಕ್ಯಾಮೆರಾದಲ್ಲಿ ಪ್ರೋ ಮೋಡ್ ಇದ್ರೆ ಶಟರ್ ನಾಲ್ಕರಿಂದ ಎಂಟು ಸೆಕೆಂಡು, ಐಎಸ್ಒ 100, ಟ್ರೈಪಾಡ್ ಇಲ್ದಿದ್ರೆ ಅಕ್ಕಿ ಡಬ್ಬಕ್ಕೆ ಒರಗ್ಸಿ ಟೈಮರ್ ಇಟ್ರೆ ಆಯ್ತು. ಬರೆಯೋರು ಕಪ್ಪು ಬಟ್ಟೆ ಹಾಕಿರ್ಬೇಕು, ಹತ್ತಿದ್ದು, ಪಾಲಿಸ್ಟರ್ ಬೇಡ, ಉದ್ದ ಲಂಗ ದಾವಣಿಯೂ ಬೇಡ. ಕ್ಯಾಮೆರಾಕ್ಕೆ ಮುಖ ಮಾಡಿ ಬರೆದ್ರೆ ಅಕ್ಷರ ಉಲ್ಟಾ ಬರ್ತದೆ, ಆಮೇಲೆ ಫೋಟೋ ಫ್ಲಿಪ್ ಮಾಡಿ. ಕನ್ನಡ ಅಕ್ಷರಕ್ಕೆ ಇದು ಹೇಳಿ ಮಾಡಿಸಿದ್ದು, ಎಲ್ಲ ದುಂಡಗೆ, ಕೈ ಎತ್ತದೇ ಬರೆದು ಮುಗಿಸ್ಬಹುದು. ತಲಕಟ್ಟು ಮಾತ್ರ ಎಲ್ರದ್ದೂ ಸೊಟ್ಟ.

ಕ್ರಮ ಹೇಗೆ ಅಂದ್ರೆ, ಒಂದು ಪೆನ್ಸಿಲ್, ಅದು ಆರಿದ ಮೇಲೆ ಪೂರ್ತಿ ಕತ್ತಲೆ, ಯಾರೂ ಮಾತಾಡೋ ಹಾಗಿಲ್ಲ, ಆಮೇಲೆ ಚಕ್ರಗಳು ಒಂದೊಂದಾಗಿ, ಮತ್ತೆ ಕತ್ತಲೆ, ದಿಂಡಿನ ಬೀಸಣಿಗೆ, ಕೊನೆಗೆ ಮೂರು ಫ್ಲವರ್ ಪಾಟ್ ಒಟ್ಟಿಗೆ, ಅದರ ಹೊಗೆಗೆ ಟಾರ್ಚು. ಭಾವ ಜಾಗಟೆ ಹಿಡ್ಕೊಂಡು ಕೂರ್ತಾರೆ, ಕತ್ತಲೆ ಇದ್ದಾಗ ಮೆಲ್ಲಗೆ ಶುರು ಮಾಡಿ ಜೋರು ಮಾಡ್ತಾ ಹೋಗಿ ಬೆಂಕಿ ಹತ್ತಿದ ಕೂಡ್ಲೆ ನಿಲ್ಲಿಸ್ತಾರೆ. ದನಗಳಿಗೆ ಜಾಗಟೆ ಅಭ್ಯಾಸ ಇದೆ, ಹೆದರೋದಿಲ್ಲ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಎಳೀಬೇಡಿ. "ಮುಗ್ದೋತಾ?" ಅಂತ ಮಕ್ಕಳು ಕೇಳೋ ಹಾಗಿದ್ರೆ ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದೀರಿ ಅಂತ ಲೆಕ್ಕ.

ಹತ್ತದೇ ಹೋದ ಫ್ಲವರ್ ಪಾಟಿನ ಮೇಲೆ ಬಗ್ಗಿ ನೋಡೋದು, ಊದೋದು, ಮತ್ತೆ ಹಚ್ಚೋದು ಯಾವ್ದೂ ಬೇಡ, ಹದಿನೈದು ನಿಮಿಷ ಬಿಟ್ಟು ಬಕೆಟ್ ನೀರು ಸುರೀರಿ. ಕೈಗೆ ಸುಟ್ರೆ ಇಪ್ಪತ್ತು ನಿಮಿಷ ನಲ್ಲಿ ನೀರಿನಡಿ ಹಿಡೀರಿ, ಪೇಸ್ಟು, ಅರಿಶಿನ, ಇಂಕು ಏನೂ ಹಚ್ಬೇಡಿ, ಜಾಸ್ತಿ ಸುಟ್ಟಿದ್ರೆ, ಕಣ್ಣಿಗೆ ತಾಗಿದ್ರೆ ಸೀದಾ ಆಸ್ಪತ್ರೆ.

ಉರಿದ ಬತ್ತಿಯ ತಂತಿಗಳು, ಇದು ಹೆಚ್ಚಿನವರು ಮರೆಯೋದು. ಆರಿದ ಮೇಲೂ ಎಷ್ಟೋ ಹೊತ್ತು ಕಾದಿರ್ತದೆ, ಮೆಟ್ಟಿದ್ರೆ ಕಾಲು ಸುಟ್ಟಿತು. ಮರಳು ತುಂಬಿದ ಒಂದು ಡಬ್ಬ ಜಗಲಿ ಮೆಟ್ಟಿಲ ಹತ್ರ ಇಟ್ಟು, ಅದಕ್ಕೆ ಚುಚ್ಚಿದವರಿಗೆ ಮಾತ್ರ ಇನ್ನೊಂದು ಬತ್ತಿ ಅಂತ ರೂಲ್ ಮಾಡಿ. ಆದ್ರೂ ನಾಲ್ಕಾರು ಹುಲ್ಲಲ್ಲಿ ಉಳ್ದೇ ಉಳೀತವೆ. ಹಾಳಾದ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನ ಹಗ್ಗಕ್ಕೆ ಕಟ್ಟಿ ಬೆಳಿಗ್ಗೆ ಅಂಗಳದ ತುಂಬ ಎಳ್ಕೊಂಡು ತಿರುಗಿದ್ರೆ ಎಲ್ಲ ಅಂಟ್ಕೊಂಡು ಬರ್ತವೆ, ಜೊತೆಗೆ ಎಷ್ಟೋ ಹಳೇ ಮೊಳೆ, ಕಳೆದ ಮಳೆಗಾಲದಲ್ಲಿ ಕಳೆದು ಹೋಗಿದ್ದ ಛತ್ರಿ ಕಡ್ಡಿ ಎಲ್ಲ. ಗೋಪೂಜೆಗೆ ದನ ಬಿಡೋದ್ರೊಳಗೆ ಈ ಕೆಲಸ ಆಗಿರ್ಬೇಕು. ದಿಂಡನ್ನೂ ತಂತಿ ಕಿತ್ತ ಮೇಲೇ ಗೊಬ್ಬರಗುಂಡಿಗೆ ಹಾಕಿ, ಮದ್ದು ತಾಗಿರ್ತದೆ, ದನಕ್ಕೆ ತಿನ್ನೋಕೆ ಕೊಡ್ಬೇಡಿ.