ಬೆಕ್ಕಿನ ಲಸಿಕೆ: ಎಲ್ಲಿ ಚುಚ್ಚಬೇಕು, ಯಾವಾಗ ಬೇಡ

"ಹೊರಗ ಬಿಡಂಗೇ ಇಲ್ರಿ ಡಾಕ್ಟ್ರೇ, ಇದಕ್ಯಾಕ ಇಂಜೆಕ್ಷನ್?" ಕಲಬುರಗಿಯಲ್ಲಿ ಬೆಕ್ಕು ನೋಡುವ ವೈದ್ಯರ ಕಿವಿಗೆ ಈ ಮಾತು ದಿನಾ ಬೀಳುತ್ತದೆ. ಮಾಳಿಗೆಯಿಂದ ಮಾಳಿಗೆಗೆ ದಾರಿಯಿರುವ ಊರಲ್ಲಿ 'ಒಳಗಿನ ಬೆಕ್ಕು' ಅನ್ನುವುದು ಬಹಳ ಸಲ ಸಾಕಿದವರ ನಂಬಿಕೆ ಅಷ್ಟೆ. ನಿಜಕ್ಕೂ ಹೊಸ್ತಿಲು ದಾಟದ ಬೆಕ್ಕಿಗೂ ಪ್ಯಾನ್‌ಲ್ಯುಕೋಪೀನಿಯಾ (ವಾಂತಿ-ಭೇದಿ ತಂದು ಕೊಲ್ಲುವ ರೋಗ) ವೈರಸ್ ನಮ್ಮ ಚಪ್ಪಲಿಗೆ ಅಂಟಿಕೊಂಡು ಬರಬಹುದು. ಶಹಾಬಾದ್ ಕಲ್ಲಿನ ಸಂದಿಯಲ್ಲಿ ಕೂತರೆ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ಎರಡೂ ಕಡೆ ನಷ್ಟ: ವೈರಸ್ ಸಾಯುವುದಿಲ್ಲ, ಬೆಕ್ಕಿಗೆ ಫಿನಾಲ್ ವಿಷ. ಮೊದಲು ಹೊಲಸು ತೊಳೆಯಬೇಕು. ಆಮೇಲೆ ಲೀಟರ್ ನೀರಿಗೆ ಸುಮಾರು 30 ಎಂಎಲ್ ಬ್ಲೀಚ್ ಬೆರೆಸಿ ನೆಲವನ್ನು 10 ನಿಮಿಷ ಹಸಿಯಾಗಿಟ್ಟು, ಮತ್ತೆ ತೊಳೆದು, ಒಣಗಿದ ಮೇಲೆ ಬೆಕ್ಕನ್ನು ಬಿಡಬೇಕು.

ಮೂರು ರೋಗಗಳ ಲಸಿಕೆ (ಪ್ಯಾನ್‌ಲ್ಯುಕೋಪೀನಿಯಾ ಮತ್ತು ಎರಡು ಬಗೆಯ ನೆಗಡಿಗೆ ಒಂದೇ ಇಂಜೆಕ್ಷನ್) ಮತ್ತು ರೇಬಿಸ್, ಇವೆರಡರಲ್ಲಿ ಚೌಕಾಸಿ ಬೇಡ. ಮೂರರಲ್ಲಿ ನೆಗಡಿ ತರುವ ಎರಡು ವೈರಸ್‌ಗಳನ್ನು ಲಸಿಕೆ ಪೂರ್ತಿ ತಡೆಯುವುದಿಲ್ಲ, ಕಾಟ ಕಡಿಮೆ ಮಾಡುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಸೀನು ಕಂಡಾಗ ಜಗಳ.

ಮೊದಲ ಡೋಸ್ 6–8 ವಾರಕ್ಕೆ, ಆಮೇಲೆ 3–4 ವಾರಕ್ಕೊಂದು, ಕೊನೆಯದು 16 ವಾರ ತುಂಬಿದ ಮೇಲೆ. "ಎರಡು ಆಗ್ಯಾವಲ್ರಿ" ಎಂದು 12 ವಾರಕ್ಕೇ ನಿಲ್ಲಿಸುವುದೇ ಇಲ್ಲಿ ಹೆಚ್ಚು ಕೆಡುವ ಜಾಗ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಉಳಿದಿರುವವರೆಗೆ ಲಸಿಕೆ ಮೈಗೆ ಹತ್ತುವುದಿಲ್ಲ. ರೇಬಿಸ್ 12 ವಾರಕ್ಕೆ. 6 ತಿಂಗಳಿಂದ ವರ್ಷದೊಳಗೆ ಬೂಸ್ಟರ್ ಆದರೆ, ಅಪಾಯ ಕಡಿಮೆಯಿರುವ ಬೆಕ್ಕಿಗೆ ಮೂರರ ಲಸಿಕೆ 3 ವರ್ಷಕ್ಕೊಮ್ಮೆ ಸಾಕು. ರೇಬಿಸ್ ಮಾತ್ರ ಬಾಟಲಿಯ ಲೇಬಲ್ ಹೇಳಿದಂತೆ. ಮರಿ ಸಣ್ಣದೆಂದು ಅರ್ಧ ಡೋಸ್ ಹಾಕುವಂತಿಲ್ಲ, ಲಸಿಕೆ ತೂಕದ ಲೆಕ್ಕದ್ದಲ್ಲ.

ಇನ್ನು ಭಯದ ಮಾತು. ಚುಚ್ಚಿದ ಜಾಗದಲ್ಲಿ ಸಾರ್ಕೋಮಾ ಎಂಬ ಕ್ಯಾನ್ಸರ್ ಗಂಟು ಬರುವುದುಂಟು. ಅಂದಾಜುಗಳು 1,000ಕ್ಕೆ ಒಂದರಿಂದ 30,000ಕ್ಕೆ ಒಂದರವರೆಗೆ ಹರಡಿವೆ. ಆದ್ದರಿಂದ ಹೆಗಲ ನಡುವೆ ಚುಚ್ಚುವ ಹಳೆಯ ರೂಢಿ ಬಿಡಬೇಕು: ಅಲ್ಲಿ ಗಂಟಾದರೆ ಸುತ್ತಲಿನ ಮಾಂಸ ಅಗಲವಾಗಿ ಕತ್ತರಿಸಲು ಜಾಗವಿಲ್ಲ, ಕಾಲಾದರೆ ತೆಗೆದು ಜೀವ ಉಳಿಸಬಹುದು. ರೇಬಿಸ್ ಬಲ ಹಿಂಗಾಲಿನ ಕೆಳಭಾಗದಲ್ಲಿ, ಮೂರರದ್ದು ಬಲ ಮುಂಗಾಲಿನ ಕೆಳಭಾಗದಲ್ಲಿ. ಯಾವ ಕಾಲು, ಯಾವ ಬ್ಯಾಚ್ ಎಂದು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಗಂಟು 3 ತಿಂಗಳಾದರೂ ಕರಗದಿದ್ದರೆ, 2 ಸೆಂ.ಮೀ. ದಾಟಿದರೆ, ಅಥವಾ 1 ತಿಂಗಳ ನಂತರವೂ ಬೆಳೆಯುತ್ತಿದ್ದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ) ಆಗಬೇಕು.

ನಮ್ಮ ಕಡೆ ಅದಕ್ಕಿಂತ ದೊಡ್ಡ ಚಿಂತೆ ಬಿಸಿಲು. ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಮೇ ತಿಂಗಳಲ್ಲಿ ಕರೆಂಟು ಹೋದ ಫ್ರಿಜ್ ಎಷ್ಟು ನಂಬಿಕೆಯದು? ಒಳಗೊಂದು ಥರ್ಮಾಮೀಟರ್ ಇರಲೇಬೇಕು. ಹಾಗಂತ ಐಸ್‌ಗೆ ತಾಗಿಸಿಟ್ಟರೂ ತಪ್ಪು: ರೇಬಿಸ್ ಲಸಿಕೆ ಹೆಪ್ಪುಗಟ್ಟಿದರೆ ಅದರ ಪರಿಣಾಮ ಹೆಚ್ಚಿಸಲು ಬೆರೆಸಿದ ಸಹಾಯಕ ದ್ರವ್ಯ ಗಂಟುಗಟ್ಟಿ ಶಕ್ತಿ ಹೋಗುತ್ತದೆ. ಕರಗಿದ ಮೇಲೂ ಹಾಕಬಾರದು, ಚೆಲ್ಲಬೇಕು.

ಜ್ವರ ಇದ್ದರೆ ಮುಂದೂಡಿ. ಗಬ್ಬದ ಬೆಕ್ಕಿಗೆ ಜೀವಂತ ಲಸಿಕೆ (ಬಲ ಕುಗ್ಗಿಸಿದ ಜೀವಂತ ವೈರಸ್ ಇರುವುದು) ಬೇಡ, ಮರಿಗಳ ಕಿರುಮೆದುಳು ಬೆಳೆಯದೆ ನಡುಗುತ್ತಾ ಹುಟ್ಟಬಹುದು. ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಮಂಕಾಗಿರುವುದು, ಉಣ್ಣದಿರುವುದು ಸಹಜ. ವಾಂತಿ, ಭೇದಿ, ಮುಖ ಕೆರೆತ, ಏದುಸಿರು ಸಹಜವಲ್ಲ, ಅದು ಅಲರ್ಜಿ. ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಕಾಣುತ್ತವೆ. ಆಳಂದ, ಚಿಂಚೋಳಿ ಬಸ್ಸಿಗೆ ಅವಸರ ಇದ್ದವರೂ ಅಷ್ಟು ಹೊತ್ತು ಬೆಕ್ಕಿನ ಬುಟ್ಟಿ ಹಿಡಿದು ಅಲ್ಲೇ ಕೂರಬೇಕು. ಅಂಥ ಅಲರ್ಜಿಗೆ ತುರ್ತು ಔಷಧಿಯಾದ ಅಡ್ರಿನಾಲಿನ್ ಇರುವುದು ಆಸ್ಪತ್ರೆಯಲ್ಲಿ, ಬಸ್ಸಿನಲ್ಲಲ್ಲ.