ಬಾದಾಮಿಯಿಂದ ಐಹೊಳೆಗೆ ಒಂದೂವರೆ ಕರದಂಟಿನ ದಾರಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಹೊರಟವರು ಸಾಮಾನ್ಯವಾಗಿ ಬಾದಾಮಿಯಲ್ಲಿ ಕಾರು ಗೊತ್ತು ಮಾಡಿಕೊಳ್ಳುತ್ತಾರೆ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಅದೇ ಸರಿ. ಒಬ್ಬಿಬ್ಬರೇ ಹೋಗುವುದಾದರೆ ಬೆಳಗಿನ ಬಸ್ಸು ಹತ್ತಿ. ದುಡ್ಡು ಉಳಿಯುತ್ತದೆ, ನಿಜ. ಆದರೆ ಈ ಸೀಮೆಯ ಜನರ ಪಕ್ಕ ಕುಳಿತು ಹೋಗುವ ಸುಖಕ್ಕಾಗಿಯೇ ನಾನು ಬಸ್ಸನ್ನು ಹೇಳುತ್ತೇನೆ.

ನಾನು ಹತ್ತಿದ್ದು ಪಟ್ಟದಕಲ್ಲು, ಐಹೊಳೆ ದಾಟಿ ಅಮೀನಗಡಕ್ಕೆ ಹೋಗುವ ಬಸ್ಸು. ಮೂವರ ಸೀಟಿನಲ್ಲಿ ಕಿಟಕಿಗೆ ಅಜ್ಜ, ನಡುವೆ ಇಳಕಲ್ ಸೀರೆಯ ಸೆರಗು ಹೊದ್ದ ಅಜ್ಜಿ, ಈಚೆ ತುದಿಗೆ ನಾನು. ಕಂಡಕ್ಟರ್ ಬರುವ ಮೊದಲೇ ಅಜ್ಜಿಯ ವಿಚಾರಣೆ ಶುರುವಾಯಿತು.

"ಎಲ್ಲಿಗೆ ಹೊರಟಿರುವೆ, ತಮ್ಮಾ?"

"ಪಟ್ಟದಕಲ್ಲಿಗೆ, ಅಜ್ಜಿ. ಆಮೇಲೆ ಐಹೊಳೆಗೆ."

"ಪಟ್ಟದಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ. ಬಿಸಿಲೇರಿದ ಮೇಲೆ ಐಹೊಳೆಯ ಮೇಗುತಿ ಗುಡ್ಡ ಹತ್ತುತ್ತೀಯಾ?" ಎಂದವರೇ ಕಂಡಕ್ಟರ್ ಕಡೆ ತಿರುಗಿ, "ಈ ತಮ್ಮನಿಗೆ ಐಹೊಳೆಗೆ ಹರಿ" ಎಂದು ಅಪ್ಪಣೆ ಕೊಟ್ಟರು. ನಾನು ಹಣ ತೆಗೆಯುವಷ್ಟರಲ್ಲಿ ಟಿಕೆಟ್ ಕೈಯಲ್ಲಿತ್ತು.

"ಅಜ್ಜಾ, ನಿಮ್ಮದು?" ಕಂಡಕ್ಟರ್ ಕೇಳಿದರು. ಅಜ್ಜನಿಂದ ಉತ್ತರವಿಲ್ಲ. ಒಂದು ಗಲ್ಲ ನಿಂಬೆಹಣ್ಣಿನಷ್ಟು ಉಬ್ಬಿತ್ತು.

"ಅವರನ್ನು ಕೇಳಬೇಡ, ಬಾಯಲ್ಲಿ ಕರದಂಟಿದೆ. ಹಲ್ಲು ಹೋದರೂ ಚಪಲ ಹೋಗಿಲ್ಲ." ಅಜ್ಜಿ ಎಲೆಯಡಿಕೆ ಸಂಚಿಯಿಂದ ನೋಟು ಬಿಡಿಸಿದರು. "ನನ್ನದನ್ನು ಸರಕಾರ ಕೊಟ್ಟಿದೆ, ಇವರದನ್ನು ನಾನು ಕೊಡಬೇಕು. ಹೆಂಡತಿಯನ್ನು ಸಾಕಿದ್ದು ತಾನೇ ಎಂದು ಊರ ತುಂಬ ಹೇಳಿಕೊಂಡು ತಿರುಗುವವರು ಮಾತ್ರ ಇವರು!"

ಸುತ್ತಲಿನವರೆಲ್ಲ ನಕ್ಕರು. ಅಜ್ಜ ಆಕ್ಷೇಪಣೆಗೆ ಬೆರಳೆತ್ತಿದರು, ಬಾಯಿ ತೆರೆಯುವಂತಿರಲಿಲ್ಲ. ಪಟ್ಟದಕಲ್ಲು ಇನ್ನೆಷ್ಟು ದೂರ ಎಂದು ನಾನು ಕೇಳಿದೆ. ಅಜ್ಜಿ ಗಂಡನ ಗಲ್ಲವನ್ನು ಬೆರಳಿನಿಂದ ಒತ್ತಿ ನೋಡಿ, "ಇನ್ನೂ ಅರ್ಧ ತುಂಡಿದೆ" ಎಂದರು. ಅಂಟು, ಒಣಕೊಬ್ಬರಿ, ಬೆಲ್ಲದ ಆ ತುಂಡು ಕರಗಿ ಅಜ್ಜ ಆಡಿದ ಮೊದಲ ಮಾತು, "ಪಟ್ಟದಕಲ್ಲು ಬಂತು." ಮರುಕ್ಷಣ ಅಜ್ಜಿ ಇನ್ನರ್ಧ ತುಂಡನ್ನು ಅವರ ಕೈಗಿಟ್ಟರು. ಲೆಕ್ಕ ಪಕ್ಕಾ ಇತ್ತು. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ಆದರೆ, ಅಲ್ಲಿಂದ ಐಹೊಳೆಗೆ ಹೆಚ್ಚು ಕಡಿಮೆ ಅದರ ಅರ್ಧ.

ಅಜ್ಜಿಯ ಸಲಹೆಯನ್ನು ನೀವೂ ಪಾಲಿಸಿ: ದೂರದ್ದನ್ನು ಮೊದಲು ನೋಡಿ. ಗುಡ್ಡದ ಮೇಲಿನ ಮೇಗುತಿ ಗುಡಿಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳುವ ಕವಿ ರವಿಕೀರ್ತಿಯ ಶಾಸನವಿದೆ. ಅದು ಕ್ರಿ.ಶ. 634ರದು. ಬಿಸಿಲು ಕಾಯುವ ಮುಂಚೆ ಗುಡ್ಡ ಹತ್ತಿಳಿದರೆ ಕೆಳಗಿನ ದುರ್ಗ ದೇವಾಲಯ, ಲಾಡ್‌ಖಾನ್ ಗುಡಿಗಳನ್ನು ನಿಧಾನವಾಗಿ ನೋಡಬಹುದು. ದುರ್ಗ ದೇವಾಲಯದ ಸುತ್ತಿನ ಪಡಸಾಲೆಯನ್ನು ಮಾತ್ರ ಅವಸರದಲ್ಲಿ ದಾಟಬೇಡಿ. ಅಲ್ಲಿನ ಒಂದೊಂದು ಶಿಲ್ಪಕ್ಕೂ ಸಮಯ ಕೊಡಲೇಬೇಕು. ಮಧ್ಯಾಹ್ನದ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯದ ಒಳಗೆ ನೆರಳಿರುತ್ತದೆ. ಕಂಚಿಯ ಪಲ್ಲವರ ಮೇಲಿನ ಗೆಲುವಿನ ನೆನಪಿಗೆ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಕಥೆಗಳನ್ನು ನೋಡುತ್ತ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ಹೊರಗೆ ಉತ್ತರದ ನಾಗರ ಶಿಖರ, ದಕ್ಷಿಣದ ದ್ರಾವಿಡ ಶಿಖರ ಎರಡೂ ಒಂದೇ ಅಂಗಳದಲ್ಲಿ ನಿಂತಿವೆ.

ಕರ್ನಾಟಕದ ಮಹಿಳೆಯರಿಗೆ 2023ರ ಜೂನ್‌ನಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಿರಿ, ಇಳಿಯುವವರೆಗೂ ಅದನ್ನು ಜೋಪಾನವಾಗಿಡಿ. ಉಳಿದವರು ಚಿಲ್ಲರೆ ಇಟ್ಟುಕೊಳ್ಳಿ. ನೀರು, ಬುತ್ತಿ ಬಾದಾಮಿಯಿಂದಲೇ ಬರಲಿ. ಬಸ್ಸಿನ ಎಡಬದಿಗೆ ಕುಳಿತರೆ ಚಳಿಗಾಲದ ಬೆಳಗಿನ ಬಿಸಿಲು ಮುಖಕ್ಕೆ ಹೊಡೆಯುವುದಿಲ್ಲ.

ಐಹೊಳೆಯಲ್ಲಿ ಇಳಿಯುವಾಗಲೇ ಮರಳುವ ಬಸ್ಸಿನ ವೇಳೆಯನ್ನು ಕಂಡಕ್ಟರ್ ಬಳಿ ಕೇಳಿಕೊಳ್ಳಿ. ನಿಲ್ದಾಣದ ಅಂಗಡಿಯವರನ್ನು ಇನ್ನೊಮ್ಮೆ ಕೇಳಿ, ಏಕೆಂದರೆ ಈ ದಾರಿಯಲ್ಲಿ ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ. ನನ್ನ ವಿಷಯದಲ್ಲಿ ಆ ಕೆಲಸವನ್ನೂ ಅಜ್ಜಿಯೇ ಮಾಡಿದರು: ಬಸ್ಸು ಹೊರಟ ಮೇಲೂ ಕಿಟಕಿಯಿಂದ ಅಜ್ಜನ ಮೇಲೆ ಬಾಗಿ, ಅಂಗಡಿಯವನಿಗೆ ಕೂಗಿ ಹೇಳಿದರು, "ಈ ತಮ್ಮನನ್ನು ಪಟ್ಟದಕಲ್ಲಿನ ಬಸ್ಸಿಗೆ ಹತ್ತಿಸು!"