ಕೆಂಪು ಚುಕ್ಕೆ, ಬೂದು ಹೊಗೆ

ಸಂಜೆ ಗೋವಾದ ವಾಸ್ಕೋ ಊರಿನ ನಮ್ಮ ಮನೆಯಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಅವ್ವ ಕೇಳಿದಳು, “ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ?” ಕೂಡಲೇ 2023ರ ಮಾರ್ಚ್ ನೆನಪಾಯಿತು. ಆಗ ಗೋವಾದ ಸತ್ತರಿ ತಾಲ್ಲೂಕಿನ ಮಹದಾಯಿ ಅಭಯಾರಣ್ಯ ದಿನಗಟ್ಟಲೆ ಉರಿದಿತ್ತು. ನೌಕಾಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದಿದ್ದವು. ನಾನು ಮೊಬೈಲ್‌ನಲ್ಲಿ ನಾಸಾದ ಉಪಗ್ರಹ ಚಿತ್ರ ನೋಡುತ್ತಾ ಕೂರುತ್ತಿದ್ದೆ. ಒಂದು ಕೆಂಪು ಚುಕ್ಕೆ ಅಂದರೆ ಸುಮಾರು 375 ಮೀಟರ್ ಚೌಕದೊಳಗೆ ಎಲ್ಲೋ ಬೆಂಕಿ. ಅಷ್ಟು ಜಾಗದಲ್ಲಿ ಎಷ್ಟು ಗೂಡುಗಳಿದ್ದವೋ, ಅದೇ ಕಾಡುತ್ತಿತ್ತು. ಹೊಗೆ ಮೋಡದಷ್ಟು ಬಿಳಿ ಇರಲ್ಲ. ಬೂದು ಬಣ್ಣ, ಅಂಚು ಕದಡಿದ ಹಾಗೆ. ಹಗಲು ಕಡಲಗಾಳಿ ಅದನ್ನು ಘಟ್ಟದ ಕಡೆ ತಳ್ಳುತ್ತದೆ. ರಾತ್ರಿ ನೆಲದ ಗಾಳಿ ವಾಪಸ್ ಕರಾವಳಿಗೆ ತರುತ್ತದೆ. ಘಟ್ಟದಾಚೆ ಖಾನಾಪುರ, ನಮ್ಮ ಮಾವನ ಊರು. ಆಗ ಫೋನ್ ಮಾಡಿ ಕಿಟಕಿ ಮುಚ್ಚಿಕೊಳ್ಳಿ ಅಂದಿದ್ದೆ.

ಇವತ್ತೂ ಚಿತ್ರ ತೆಗೆದೆ. ಸತ್ತರಿ ಕಡೆ ಚುಕ್ಕೆ ಇಲ್ಲ. ಅವ್ವನಿಗೂ ತೋರಿಸಿದೆ.